ಹಸಿರು ಕೇಕು

ಬರೀ ಬಟ್ಟೆಯ ತೋಳು ಇರಬೇಕು ಎಂದುಕೊಂಡ ಎವರ್ಟ್. ಯಾರೋ ಬಿಸಾಡಿದ ಹಳೆಯ ಕೋಟಿನದು. ಕೋಟು ಎಂದ ಮೇಲೆ ತೋಳಿರುತ್ತದೆ, ತೋಳು ಇದ್ದ ಮೇಲೆ ಜೋತಾಡುತ್ತದೆ, ಅದರಲ್ಲೇನು ವಿಶೇಷ? ಆದರೆ ಖಾಲಿ ತೋಳಿನ ತುದಿಗೆ ಕೈಗವಸು ಯಾಕಿರಬೇಕು? ಅದೂ ಇರಲಿ, ಕೈಗವಸು ಕಳೆದುಹೋಗದಿರಲೆಂದು ಕೆಲವರು ಅದನ್ನು ತೋಳಿಗೇ ಸೇರಿಸಿ ಹೊಲಿದಿರುತ್ತಾರೆ. ಹಾಗಾದರೆ ತೋಳಿಗೂ ಕೈಗವಸಿಗೂ ನಡುವೆ ಎರಡು ಬೆರಳಗಲ ಬೆಳ್ಳಗೆ ಕಂಡದ್ದೇನು? ಇಲ್ಲಿಗೆ ಬಂದಕೂಡಲೇ ಅವನ ಯೋಚನೆ ಮುಗ್ಗರಿಸಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು: ಬರೀ ಬಟ್ಟೆಯ ತೋಳು ಇರಬೇಕು. ಕ್ರೇನಿನ ಕುರ್ಚಿಯಲ್ಲಿ ಕೂತು, ಎರಡೂ ಕೈಗಳಲ್ಲಿ ಎರಡು ಹಿಡಿಗಳನ್ನು ಹಿಡಿದು, ಗಾಜಿನಾಚೆ ಕೆಳಗೆ ಹರಡಿದ್ದ ಕಸದ ಗುಂಡಿಯನ್ನು ಅವನು ನೋಡುತ್ತಿದ್ದ. ಖಾಲಿಯಾದ ಉಕ್ಕಿನ ಪಂಜ ಗುಂಡಿಯ ಮೇಲೆ ಮೆಲ್ಲಗೆ ತೂಗುತ್ತಿತ್ತು. ಅದರೊಳಗೆ ಇದ್ದದ್ದೆಲ್ಲ ಈಗ ಕಸ ಸುರಿಯುವ ದೊಡ್ಡ ಆಲಿಕೆಯಲ್ಲಿ ಬಿದ್ದಿತ್ತು. ಆ ಆಲಿಕೆಯ ಕೆಳಗೆ ಮೂರಾಳುದ್ದದ ಗಂಟಲಿದೆ, ಗಂಟಲಿನ ಕೆಳಗೆ ಕುಲುಮೆ. ಮೇಲೆ ಬಿದ್ದ ಕಸ ಒಂದರ ಮೇಲೊಂದು ಕೂತು, ಜಗ್ಗಿ, ಬೆಂಕಿ ಮುಟ್ಟಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೆ ನಿಲ್ಲಿಸಬಹುದು. ಬಲಗೈಯ ಪಕ್ಕದಲ್ಲೇ ಕೆಂಪು ಬಟನ್ ಇತ್ತು, ಮೇಲೆ ಧೂಳು ಕೂತಿತ್ತು.

ಅವನೇನು ಕಣ್ಣು ಮುಚ್ಚಿಕೊಂಡು ಪಂಜ ಬಿಚ್ಚಿದವನಲ್ಲ. ಕಂಡಿತ್ತು. ಆಲಿಕೆಯ ನೇರಕ್ಕೆ ಬಂದಾಗ ಪಂಜದ ಎರಡು ಬೆರಳುಗಳ ಸಂದಿಯಿಂದ ಆ ನೀಲಿ ತೋಳು ಇಳಿಬಿದ್ದದ್ದು ಕಂಡು ಕೈ ತಡೆದಿದ್ದ. ಪಂಜವನ್ನು ಹಾಗೇ ಹಿಂದಕ್ಕೆ ತಂದು, ಗುಂಡಿಯ ಮೂಲೆಯಲ್ಲಿ ಮೆತ್ತಗೆ ಇಳಿಸಿ, ನೋಡಿಕೊಂಡು ಬನ್ನಿ ಎಂದು ಕೆಳಗಿನವರಿಗೆ ಹೇಳಬಹುದಿತ್ತು. ಹೇಳಬೇಕೆಂದೇ ಇದ್ದ. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರು ಕರಕರ ಅಂದಿತು. ಕಂಟ್ರೋಲ್ ರೂಮಿನ ಯಿಂಗ್ವೆ. "ಏನೋ ಗೊಂಬೆ ಗಂಡ, ನಿದ್ದೆ ಹೊಡೀತಿದೀಯಾ? ಕುಲುಮೆ ಬಾಯಿ ಬಿಟ್ಕೊಂಡು ಕೂತಿದೆ. ಇಲ್ಲಾ ಹಳೇ ಹೆಂಡ್ತಿ ಮತ್ತೆ ಬಂದ್ಬಿಟ್ಲಾ?" ಹಿಂದಿನಿಂದ ಇನ್ನೊಬ್ಬರು ನಕ್ಕದ್ದು ಕೇಳಿಸಿತು. ಹೆಂಗಸಿನ ನಗು, ಪಾಳಿಯ ಮುಖ್ಯಸ್ಥೆ ಸೂಲ್ವೈಯದೇ ಇರಬೇಕು. ಎವರ್ಟನ ಕಿವಿ ಬಿಸಿಯಾಯಿತು. "ಇಲ್ಲಪ್ಪ, ಬಂದೆ ಬಂದೆ" ಎಂದ. ಹಾಗೆನ್ನುವಾಗ ಹೆಬ್ಬೆರಳು ಒತ್ತಿತ್ತು. ಪಂಜ ಬಿಚ್ಚಿಕೊಂಡಿತು. ಆಮೇಲೆ ಅವನು ಇನ್ನೊಂದು ಪಂಜದಷ್ಟು ಕಸ ಎತ್ತಿ ತಂದು ಅದರ ಮೇಲೆ ಹಾಕಿದ. ಮೊದಲನೆಯದನ್ನಾದರೂ ಯಿಂಗ್ವೆಯ ಮೇಲೆ ಹೇರಬಹುದಿತ್ತು, ಎರಡನೆಯದು ಪೂರ್ತಿ ಅವನದೇ.

ಮೂರು ಚಳಿಗಾಲದ ಹಿಂದೆ ಅವನು ಕೆಂಪು ಬಟನ್ ಒತ್ತಿದ್ದ. ಆವತ್ತೂ ಇಂಗ್ಲೆಂಡಿನ ಕಸದ ಪೆಂಡಿಗಳೇ. ಸ್ವೀಡನ್ನಿನ ಈ ಬಂದರು ಊರಿನವರು ಹಾಲಿನ ಡಬ್ಬವನ್ನು ತೊಳೆದು ಒಣಗಿಸಿ ಮಡಿಸಿ ಎಸೆಯುವ ಜನ. ಕಾಗದ ಬೇರೆ, ಗಾಜು ಬೇರೆ, ಟೀ ಚೀಲದ ಸೊಪ್ಪು ಬೇರೆ, ಅದರ ದಾರ ಬೇರೆ. ಇಷ್ಟೆಲ್ಲ ಆದ ಮೇಲೆ ಕುಲುಮೆಗೆ ಹಾಕಲು ಊರಿನಲ್ಲಿ ಕಸವೇ ಉಳಿಯುವುದಿಲ್ಲ. ಹಾಗಾಗಿ ಹಡಗು ಹಡಗು ಪರದೇಶದ ಕಸ ಬರುತ್ತದೆ, ಬಿಳಿ ಪ್ಲಾಸ್ಟಿಕ್ಕು ಸುತ್ತಿದ ಪೆಂಡಿ ಪೆಂಡಿಯಾಗಿ, ಮಂಜುಗಡ್ಡೆ ಒಡೆದುಕೊಂಡು. ಕಳಿಸುವವರು ಮೇಲೆ ದುಡ್ಡನ್ನೂ ಕೊಡುತ್ತಾರೆ. ಅದನ್ನು ಸುಟ್ಟ ಶಾಖದಲ್ಲಿ ನೀರು ಕಾಯುತ್ತದೆ, ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಮನೆಯ ಗೋಡೆ ಬೆಚ್ಚಗಿಡುತ್ತದೆ. ಎವರ್ಟ್ ಇಂಗ್ಲೆಂಡಿಗೆ ಹೋದವನಲ್ಲ. ಆದರೆ ಅಲ್ಲಿಯವರು ಹಬ್ಬಕ್ಕೆ ಏನು ತಿಂದರು, ಮಕ್ಕಳಿಗೆ ಏನು ಕೊಡಿಸಿದರು, ಯಾವ ಮಾತ್ರೆ ನುಂಗಿದರು, ಎಲ್ಲ ಅವನಿಗೆ ಗೊತ್ತಿತ್ತು. ಆವತ್ತು ಒಡೆದ ಪೆಂಡಿಯೊಂದರಿಂದ ಬೆತ್ತಲೆ ಕಾಲೊಂದು ಚಾಚಿಕೊಂಡಿತ್ತು. ಬಟನ್ ಒತ್ತಿದ. ಕುಲುಮೆ ನಿಂತಿತು, ಗಂಟೆಗಳು ಬಡಿದುಕೊಂಡವು, ಬಿಸಿ ಇಳಿಯುತ್ತಿದೆಯೆಂದು ಆಸ್ಪತ್ರೆಯಿಂದ ಫೋನು ಬಂತು. ಸುಟ್ಟು ಉಳಿದ ಕಿಟ್ಟವನ್ನು ಗುಡ್ಡೆ ಹಾಕುವ ಅಂಗಳದಲ್ಲಿ ಕೆಲಸ ಮಾಡುವ ಮಿರ್ಸಾದ್, ಬಾಸ್ನಿಯಾದವನು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗುಂಡಿಗೆ ಇಳಿದ. ಇಳಿದವನು ಮೊದಲು ತನ್ನ ಕೋಟು ಬಿಚ್ಚಿ ಆ ಕಾಲಿನ ಮೇಲೆ ಹೊದಿಸಿದ. ಆಮೇಲೆ ಸುತ್ತಲಿನ ಕಸ ಬಗೆದ. ಅದು ಬಟ್ಟೆ ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸುವ ಗೊಂಬೆ.

ಸುಮ್ಮಸುಮ್ಮನೆ ಕುಲುಮೆ ನಿಲ್ಲಿಸಿದವರು ಮರುದಿನ ಪಾಳಿಗೆಲ್ಲ ಕೇಕು ತರಬೇಕು. ಅದೊಂದು ರೂಢಿ. ಅದು ಶಿಕ್ಷೆಯಲ್ಲ, ಪ್ರೀತಿಗೆ ಎಂದು ಎಲ್ಲರೂ ಹೇಳುತ್ತಿದ್ದರು. ಎವರ್ಟ್ ತಂದಿದ್ದ, ಬಾದಾಮಿಯ ಹಸಿರು ಹೊದಿಕೆಯ ದುಂಡನೆಯ ಕೇಕು. ಅವನು ಕೈ ತೊಳೆದು ಬರುವಷ್ಟರಲ್ಲಿ ಯಿಂಗ್ವೆ ಆಟಿಕೆಯದೊಂದು ಪುಟ್ಟ ಕಾಲನ್ನು ಅದರ ನಡುವೆ ನೆಟ್ಟಿದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಎವರ್ಟೇ. ನಗುತ್ತ ಕಣ್ಣು ಒರೆಸಿಕೊಂಡ, ಫೋಟೋಕ್ಕೂ ನಿಂತ. "ಮಿರ್ಸಾದ್, ಅವಳಿಗೆ ಚಳಿಯಾಗ್ತಿತ್ತೇನೋ?" ಎಂದು ಯಾರೋ ಕೇಳಿದ್ದಕ್ಕೆ ಮಿರ್ಸಾದನೂ ನಕ್ಕು ತನ್ನ ಪಾಲಿನ ತುಂಡು ತಿಂದಿದ್ದ. ಆ ವಾರವೇ ಸೂಲ್ವೈ ಸಭೆ ಕರೆದು ಹೇಳಿದ್ದಳು: "ಇಂಗ್ಲೆಂಡಲ್ಲಿ ಮನೆ ಇಲ್ದವ್ರು ಅಂಗಡಿ ಹಿಂದಿನ ದೊಡ್ಡ ಕಸದ ಪೆಟ್ಟಿಗೇಲಿ ಮಲಗ್ತಾರಂತೆ, ಬೆಚ್ಚಗಿರುತ್ತೆ ಅಂತ. ಹಾಗೇ ಕಸದ ಜೊತೆ ಲಾರಿಗೆ ಹೋಗಿರೋದೂ ಉಂಟಂತೆ. ಅನುಮಾನ ಬಂದ್ರೆ ನಿಲ್ಸಿ." ಜೊತೆಗೇ, "ಹಾಗಂತ ಬಟ್ಟೆ ಬರೆ ಕಂಡಾಗೆಲ್ಲ ನಿಲ್ಸಬೇಡಿ ಮತ್ತೆ" ಎಂದಿದ್ದಳು. ಎಲ್ಲರೂ ಎವರ್ಟನ ಕಡೆ ನೋಡಿದ್ದರು.

ಕಾಫಿಯ ಗಂಟೆ ಹೊಡೆಯಿತು. ಅವನು ಕ್ರೇನನ್ನು ತಾನಾಗಿಯೇ ನಡೆಯುವಂತೆ ಬಿಟ್ಟು ಎದ್ದ. ಹೊರಡುವ ಮುಂಚೆ ಆಲಿಕೆಯ ಕ್ಯಾಮೆರಾದ ಪರದೆ ನೋಡಿದ: ಮೇಲೆ ಹಳದಿ ಚೀಲಗಳು, ಒಂದು ಮುರಿದ ಛತ್ರಿ, ನೀಲಿ ಎಲ್ಲೂ ಇಲ್ಲ. ಕೆಳಗಿದೆ. ಇನ್ನೂ ಸಮಯವಿದೆ. ಹೋಗಿ ಹೇಳಿಬಿಡುತ್ತೇನೆ, ಕೂತು, ಕಾಫಿ ಸುರಿದುಕೊಂಡು, ನಿಧಾನವಾಗಿ, ಗಾಬರಿ ಇಲ್ಲದ ದನಿಯಲ್ಲಿ. ಗಾಬರಿಯ ದನಿಯಲ್ಲಿ ಹೇಳಿದರೆ ಮತ್ತೆ ಅದೇ ಕತೆ. ಮೆಟ್ಟಿಲಿಳಿಯುತ್ತ ಅವನು ದನಿಯನ್ನು ತಾಲೀಮು ಮಾಡಿಕೊಂಡ. ಕಾಫಿ ಕೋಣೆಯಲ್ಲಿ ಪಾಳಿಯ ಉಳಿದ ಮೂವರೂ ಆಗಲೇ ಕೂತಿದ್ದರು. ದಾಲ್ಚಿನ್ನಿ ಬನ್ನಿನ ವಾಸನೆ. ಕಿಟಕಿಯ ಗಾಜಿನ ಅಂಚಿಗೆ ಹಿಮ ಕಟ್ಟಿತ್ತು, ಆಚೆ ಅಂಗಳದಲ್ಲಿ ಕಿಟ್ಟದ ಗುಡ್ಡೆಗಳು ಹೊಗೆಯಾಡುತ್ತಿದ್ದವು.

"ಬಾರೋ, ಬಾ" ಎಂದ ಯಿಂಗ್ವೆ, ಕುರ್ಚಿ ಎಳೆದು. "ಮುಖ ಯಾಕೋ ಬೆಣ್ಣೆ ಥರ ಆಗಿದೆ? ಜ್ವರಾನಾ?"

"ಬಿಡೋ ಅವನ್ನ" ಎಂದಳು ಸೂಲ್ವೈ. ಅವಳು ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತಿದ್ದಳು. "ಈ ಚಳಿಗಾಲದಲ್ಲಿ ಇಷ್ಟು ಚಳಿಯ ದಿನ ಬಂದಿರಲಿಲ್ಲ ಕಣ್ರೋ. ಊರೆಲ್ಲ ಮನೆ ಬಿಸಿ ಮಾಡೋ ನಲ್ಲಿ ತಿರುಗಿಸಿಕೊಂಡು ಕೂತಿದಾರೆ. ಬದಲಿಗಿಟ್ಟ ಎಣ್ಣೆ ಬಾಯ್ಲರ್ ಬೇರೆ ಕೆಟ್ಟಿದೆ, ರಿಪೇರಿಯವ್ರು ನಾಳೆ ಬರ್ತಾರೆ. ಇವತ್ತೇನಾದ್ರೂ ನಾವು ನಿಂತ್ವೋ, ಹೆರಿಗೆ ವಾರ್ಡಿಗೆ ಕಂಬಳಿ ಹೊತ್ಕೊಂಡು ನಾನೇ ಓಡಬೇಕು."

"ನಿಲ್ಲಲ್ಲ ಬಿಡು. ನಾನಿದೀನಲ್ಲ" ಎಂದ ಯಿಂಗ್ವೆ.

ಎವರ್ಟ್ ಕಾಫಿ ಸುರಿದುಕೊಂಡ. ಅವನು ಚಿಕ್ಕವನಿದ್ದಾಗ ತಾಯಿ ಬಾಗಿಲಲ್ಲಿ ಕೂರಿಸಿಕೊಂಡು ಕೈಗವಸಿನ ಬಾಯನ್ನು ಕೋಟಿನ ತೋಳಿನೊಳಗೆ ತುರುಕುತ್ತಿದ್ದಳು, ಬೆರಳು ಹಾಕಿ ಸುತ್ತಲೂ ಸರಿಮಾಡಿ, ಇಲ್ಲಿಂದಲೇ ಕಣೋ ಗಾಳಿ ಒಳಗೆ ಹೋಗೋದು ಎನ್ನುತ್ತಿದ್ದಳು. ಶಾಲೆಯ ತಿರುವಿನವರೆಗೆ ಹೋಗುವಷ್ಟರಲ್ಲಿ ಅದು ಹೊರಗೆ ಬಂದಿರುತ್ತಿತ್ತು, ಚಳಿಗೆ ಮಣಿಕಟ್ಟಿನ ಸುತ್ತ ಒಂದು ಕೆಂಪು ಬಳೆ. ಆಲಿಕೆಯ ಮೇಲೆ ಕಂಡದ್ದು ಕೆಂಪಗಿರಲಿಲ್ಲ. ಬೆಳ್ಳಗಿತ್ತು. ಗೊಂಬೆಯ ಮೈಯೂ ಬೆಳ್ಳಗೇ ಇರುತ್ತದೆ. ಹಾಗಿದ್ದರೆ ಗೊಂಬೆಯೇ. ಆದರೆ ಗೊಂಬೆಗೆ ಯಾರು ಕೈಗವಸು ಹಾಕುತ್ತಾರೆ? ಅಂಗಡಿಯವರು, ಚಳಿಗಾಲದ ಬಟ್ಟೆ ಮಾರುವಾಗ. ಹಾಗಿದ್ದರೆ ಹೊಸ ಕೈಗವಸಾಗಿರಬೇಕಿತ್ತು. ಇದರ ಹೆಬ್ಬೆರಳು ಹರಿದು ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಅಷ್ಟು ದೂರದಿಂದ ಅದು ಕಂಡಿತೋ, ಈಗ ತಾನೇ ಕಲ್ಪಿಸಿಕೊಳ್ಳುತ್ತಿದ್ದಾನೋ?

"ಬೆಳಿಗ್ಗೆ ಒಡೆದ ಪೆಂಡಿಗಳಿದಾವಲ್ಲ" ಎಂದ ಎವರ್ಟ್. ದನಿ ಸರಿಯಾಗಿಯೇ ಬಂತು.

ಮೂವರೂ ಅವನತ್ತ ತಿರುಗಿದರು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೆ ಯಿಂಗ್ವೆಯ ತುಟಿಯ ಮೂಲೆಯಲ್ಲಿ ನಗು ಹೊಂಚುಹಾಕಿ ಕೂತದ್ದು ಅವನಿಗೆ ಕಂಡಿತು. ಸೂಲ್ವೈಯ ಬೆರಳು ಸಕ್ಕರೆಯ ಹರಳಿನ ಮೇಲೆ ನಿಂತಿತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು, ಇವತ್ತೊಂದು ದಿನ ಬೇಡ ಎನ್ನುವ ಬೇಡಿಕೆ. ಮಿರ್ಸಾದ್ ಒಬ್ಬನೇ ಲೋಟ ಕೆಳಗಿಟ್ಟು ಕಾಯುತ್ತಿದ್ದ.

"ಹೇಳು" ಎಂದ ಮಿರ್ಸಾದ್.

"ಒದ್ದೆ ಜಾಸ್ತಿ" ಎಂದ ಎವರ್ಟ್. "ಪೆಂಡಿಗಳೆಲ್ಲ ಒದ್ದೆಯಾಗಿದಾವೆ."

"ಅಯ್ಯೋ, ಅದಕ್ಕಾ ಈ ಮುಖ!" ಯಿಂಗ್ವೆ ಮೇಜು ಕುಟ್ಟಿದ. "ಇಂಗ್ಲೆಂಡು ಅಂದ್ರೆ ಮಳೆ ಕಣೋ. ಒಣಗಿಸಿ ಇಸ್ತ್ರಿ ಮಾಡಿ ಕಳಿಸ್ತಾರಾ? ನಾನಂದ್ಕೊಂಡೆ, ಇವನಿಗೆ ಇನ್ನೊಂದು ಸಂಬಂಧ ಬಂತು ಅಂತ." ಸೂಲ್ವೈ ಉಸಿರು ಬಿಟ್ಟು ನಕ್ಕಳು. ಎವರ್ಟನೂ ನಕ್ಕ. ಆ ನಗು ಬಾಯಿಯಲ್ಲಿರುವಾಗಲೇ ಅವನಿಗೆ ಕಿಟಕಿಯ ಮೇಲಿನ ಗಡಿಯಾರ ಕಂಡಿತು. ಹೇಳಬಹುದಾದ ಹೊತ್ತು ಇನ್ನೂ ಇತ್ತು. ಅವನು ಬನ್ನು ಎತ್ತಿಕೊಂಡು ತಿಂದ. ಒಂದು ಚೂರೂ ಬಿಡದೆ ತಿಂದ. ತಟ್ಟೆಯಲ್ಲಿ ಬಿದ್ದ ಸಕ್ಕರೆಯನ್ನು ಬೆರಳಿಗೆ ಅಂಟಿಸಿಕೊಂಡು ಅದನ್ನೂ ತಿಂದ. ಮಿರ್ಸಾದ್ ನೋಡುತ್ತಿದ್ದ. ಅವನ ನೋಟ ಯಾಕೆ ನನ್ನ ಮೇಲಿದೆ, ನಾನೇನು ಮಾಡಿದೆ, ಎಂದು ಎವರ್ಟನಿಗೆ ಒಳಗೊಳಗೇ ರೇಗಿತು. ಈ ಮನುಷ್ಯನಿಗೇನು, ಗೊಂಬೆಗೆ ಕೋಟು ಹೊದಿಸುವವನು, ಇವನಿಂದಲೇ ಆವತ್ತು ನಗೆಪಾಟಲು ಎರಡರಷ್ಟಾದದ್ದು. ಹೀಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಸಹ್ಯವಾದರೂ ಕುರ್ಚಿಯಿಂದ ಏಳಲಿಲ್ಲ. ಇನ್ನೊಂದು ಲೋಟ ಕಾಫಿ ಕುಡಿದ.

ಮತ್ತೆ ಕ್ರೇನಿನ ಕುರ್ಚಿಗೆ ಬಂದಾಗ ಪರದೆಯಲ್ಲಿ ಆಲಿಕೆಯ ಮಟ್ಟ ಇಳಿದಿತ್ತು. ಹಳದಿ ಚೀಲಗಳಿಲ್ಲ, ಛತ್ರಿಯಿಲ್ಲ. ಅವನು ಹಿಡಿಗಳನ್ನು ಹಿಡಿದು ಕೆಲಸ ಶುರುಮಾಡಿದ. ಇಡೀ ದಿನ ಕುಲುಮೆ ಒಮ್ಮೆಯೂ ತೊದಲದೆ ಉರಿಯಿತು. ಸಂಜೆ ಪಾಳಿ ಮುಗಿದಾಗ ಸೂಲ್ವೈ ಸ್ಪೀಕರಿನಲ್ಲಿ ಎಲ್ಲರಿಗೂ ಧನ್ಯವಾದ ಹೇಳಿ, "ಎವರ್ಟ್, ನಿನಗೆ ಸ್ಪೆಷಲ್ಲು" ಎಂದಳು. ಬಸ್ಸು ಹತ್ತುವ ಬದಲು ಅವನು ನಡೆದುಕೊಂಡು ಹೊರಟ. ಊರಿನ ಕಿಟಕಿಗಳಲ್ಲೆಲ್ಲ ದೀಪಗಳಿದ್ದವು, ಒಂದು ಕಿಟಕಿಯಲ್ಲಿ ಬನಿಯನ್ನು ತೊಟ್ಟ ಗಂಡಸೊಬ್ಬ ಗಿಡಕ್ಕೆ ನೀರು ಹಾಕುತ್ತಿದ್ದ. ಹೊರಗೆ ಉಗುಳಿದರೆ ಉಗುಳು ಹೆಪ್ಪುಗಟ್ಟುವ ಚಳಿ, ಒಳಗೆ ಬನಿಯನ್ನು. ಯಾವ ತೋಳಿನ ಶಾಖವೋ ಅದು ಎಂಬ ಮಾತು ತಲೆಗೆ ಬಂದದ್ದೇ ಎವರ್ಟ್ ಬೇಗ ಬೇಗ ಹೆಜ್ಜೆ ಹಾಕಿದ. ಬೇಕರಿ ಬಾಗಿಲು ಹಾಕುತ್ತಿದ್ದರು. ಹಸಿರು ಕೇಕು ಬೇಕೆಂದ. "ಎಷ್ಟು ಜನಕ್ಕೆ?" ಎಂದಳು ಅಂಗಡಿಯ ಹುಡುಗಿ. "ಐದು." "ಹೆಸರು ಬರೀಬೇಕಾ ಮೇಲೆ?" "ಗೊತ್ತಿಲ್ಲ" ಎಂದ. ಹುಡುಗಿ ನಕ್ಕು, ಏನೂ ಬರೆಯದೆ ಪೆಟ್ಟಿಗೆ ಕಟ್ಟಿಕೊಟ್ಟಳು. ಪಾಳಿಯಲ್ಲಿರುವುದು ನಾಲ್ಕೇ ಜನ ಎಂಬುದು ಸೇತುವೆ ದಾಟಿದ ಮೇಲೆ ನೆನಪಾಯಿತು.

ಮನೆಯಲ್ಲಿ ಹೆಂಡತಿ ಮೈಬ್ರಿಟ್ ಬರಿಗಾಲಲ್ಲಿ, ತೆಳು ಅಂಗಿಯಲ್ಲಿ ಓಡಾಡುತ್ತಿದ್ದಳು. ಕೇಕಿನ ಪೆಟ್ಟಿಗೆ ನೋಡಿದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮತ್ತೆ ನಿಲ್ಸಿಬಿಟ್ಯಾ?"

"ಇಲ್ಲ."

"ಮತ್ಯಾಕೆ ಕೇಕು? ನನ್ನ ಹತ್ರ ಮುಚ್ಚಿಡ್ತೀಯಾ? ಹೇಳು, ಈ ಸಲ ಯಾರು ಬಂದಿದ್ರು, ಗಂಡು ಗೊಂಬೆನಾ?" ಅವಳು ಆಗಲೇ ನಗಲು ಶುರುಮಾಡಿದ್ದಳು. ಕೆಟ್ಟ ಹೆಂಗಸಲ್ಲ. ಗೊಂಬೆಯ ಕತೆಯನ್ನು ಅವಳಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಬೇಸಿಗೆಯ ಹಬ್ಬದಲ್ಲಿ ತೋಟದ ಮೇಜಿನ ಸುತ್ತ ಹೆರಿಂಗ್ ಮೀನು, ಆಲೂಗೆಡ್ಡೆ ತಿನ್ನುತ್ತ ನೆಂಟರು ಕೇಳಿ ಕೇಳಿ ಹೇಳಿಸುತ್ತಿದ್ದರು. ಗಂಡನ ಗಾಬರಿಯ ದನಿಯನ್ನು ಅವಳು ಹುಬ್ಬೇರಿಸಿಕೊಂಡು ಅನುಕರಿಸುವಾಗ ಎವರ್ಟ್ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದ. ಇದನ್ನು ಹೇಳಿದರೆ ಇದೂ ಒಂದು ಕತೆಯಾಗುತ್ತದೆ. ಅಥವಾ ಆಗುವುದಿಲ್ಲ. ಆಗದಿದ್ದರೆ ಇನ್ನೂ ಕಷ್ಟ. ಅವಳ ನಗು ನಿಂತು, ಮುಖ ಬಿಳುಚಿ, ನೀನು ಸುಮ್ಮನಿದ್ದೆಯಾ ಎಂದು ಕೇಳಿದರೆ ಈ ಮನೆಯಲ್ಲಿ ಎಲ್ಲಿ ಕೂರುವುದು? "ಸುಮ್ನೆ ತಂದೆ, ಎಲ್ರೂ ಚೆನ್ನಾಗಿ ಕೆಲಸ ಮಾಡಿದ್ರು" ಎಂದ. ಊಟ ಸೇರಲಿಲ್ಲ. ಅವಳು ಟಿವಿ ನೋಡುತ್ತಿದ್ದಾಗ ಅವನು ಎದ್ದು ಕೋಣೆ ಕೋಣೆಗೆ ಹೋಗಿ ಕಿಟಕಿಯ ಕೆಳಗಿನ ಬಿಸಿನೀರಿನ ಕೊಳವೆಗಳ ನಲ್ಲಿಗಳನ್ನು ತಿರುಗಿಸಿ ಮುಚ್ಚಿದ.

"ಏನು ಮಾಡ್ತಿದೀಯ ನೀನು? ತಲೆ ಕೆಟ್ಟಿದೆಯಾ?" ಮೈಬ್ರಿಟ್ ಕಂಬಳಿ ಎಳೆದುಕೊಂಡು ಕೂಗಿದಳು. "ಇಡೀ ಊರಿಗೆ ಬೆಂಕಿ ಹಾಕಿ ಬರ್ತೀಯ, ಮನೆಯವಳನ್ನ ಚಳೀಲಿ ಸಾಯಿಸ್ತೀಯ!"

"ಸೆಕೆ ಆಗ್ತಿದೆ" ಎಂದ. ಅವಳು ಬಂದು ಎಲ್ಲವನ್ನೂ ಮತ್ತೆ ತಿರುಗಿಸಿದಳು. ಅವನು ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತ, ಅಲ್ಲಿ ಗೋಡೆಗೆ ಬೆನ್ನು ತಾಗಿದಾಗ ಗೋಡೆ ಬೆಚ್ಚಗಿತ್ತು. ಮೇಲಿನ ಮನೆಗೆ ಹೋಗುವ ಕೊಳವೆ ಅದರೊಳಗೇ ಇತ್ತು, ಅದಕ್ಕೆ ನಲ್ಲಿಯಿರಲಿಲ್ಲ. ಕುರ್ಚಿಯನ್ನು ಗೋಡೆಯಿಂದ ದೂರ ಎಳೆದುಕೊಂಡ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವನು ಪೆಟ್ಟಿಗೆಯನ್ನು ಮೇಜಿನ ನಡುವೆ ಇಟ್ಟು ದಾರ ಬಿಚ್ಚಿದ. ಹಸಿರು ಕೇಕು ಹೊಳೆಯಿತು. ಯಿಂಗ್ವೆ ಸಿಳ್ಳೆ ಹೊಡೆದ. "ಹುಟ್ಟಿದ ಹಬ್ಬಾನಾ? ಅಲ್ಲ, ನಿಂದು ಶರತ್ಕಾಲದಲ್ಲಿ. ರಿಟೈರ್ ಆಗ್ತಿದೀಯಾ? ಅಜ್ಜ ಆದ್ಯಾ?" ಸೂಲ್ವೈ ಚಾಕು ತಂದಳು. "ಯಾಕಾದ್ರೂ ಇರ್ಲಿ ಬಿಡೋ, ನಿನ್ನೆ ಥರ ಕೆಲಸ ಮಾಡಿದ್ಮೇಲೆ ಕೇಕು ತಿನ್ನಲೇಬೇಕು. ಒಂದೇ ಒಂದು ಸಲ ನಿಂತಿಲ್ಲ ನಾವು, ಗೊತ್ತಾ? ಮೇಲಿನವ್ರು ಫೋನ್ ಮಾಡಿ ಹೊಗಳಿದ್ರು."

"ಅದಕ್ಕೇ ತಂದೆ" ಎಂದ ಎವರ್ಟ್. "ನಿನ್ನೆ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸಲಿಲ್ಲ."

ಸೂಲ್ವೈಯ ಚಾಕು ಹಸಿರಿನೊಳಗೆ ಅರ್ಧ ಇಳಿದು ನಿಂತಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೆ ಕೇಳಿಸಿತ್ತು, ಅರ್ಥವೂ ಆಗಿತ್ತು, ಅದು ಅವಳ ಕಣ್ಣಿನಲ್ಲಿ ಬಂದು ಹೋದದ್ದನ್ನು ಎವರ್ಟ್ ಸ್ಪಷ್ಟವಾಗಿ ಕಂಡ. ಕೇಳು ಎಂದು ಮನಸ್ಸಿನಲ್ಲೇ ಅಂಗಲಾಚಿದ, ಒಂದು ಮಾತು ಕೇಳು, ಬಯ್ಯಿ, ಪೊಲೀಸರನ್ನು ಕರೆ. ಅವಳು ಚಾಕುವನ್ನು ಪೂರ್ತಿ ಒತ್ತಿದಳು. "ದೊಡ್ಡ ತುಂಡು ಯಾರಿಗೆ?" ಎಂದಳು.

"ನಂಗೆ, ನಂಗೆ" ಎಂದ ಯಿಂಗ್ವೆ. "ಭೇಷ್ ಕಣೋ ಗೊಂಬೆ ಗಂಡ, ಹೊಸ ಕಾನೂನು ಮಾಡಿದೆ. ನಿಲ್ಸಿದ್ರೂ ಕೇಕು, ನಿಲ್ಸದಿದ್ರೂ ಕೇಕು. ನಾಳೆಯಿಂದ ದಿನಾ ತಾ." ಅವನ ನಗು ಕೋಣೆಯಲ್ಲಿ ಒಂಟಿಯಾಗಿ ಸುತ್ತಿ ನಿಂತಿತು. ತಟ್ಟೆಗಳು ಕೈಯಿಂದ ಕೈಗೆ ಹೋದವು. ಮಿರ್ಸಾದ್ ತನ್ನ ಮುಂದೆ ಬಂದ ತುಂಡನ್ನು ನೋಡಿದ, ಮುಳ್ಳುಚಮಚ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಯಾವಾಗ?" ಎಂದ.

"ಕಾಫಿಗೆ ಮುಂಚೆ" ಎಂದ ಎವರ್ಟ್.

"ಹಾಗಾದ್ರೆ ಕಾಫಿ ಕುಡೀವಾಗ..."

"ಇನ್ನೂ ಬೆಂಕಿಗಿಂತ ಮೇಲೇ ಇತ್ತು. ಹೌದು."

ಮಿರ್ಸಾದ್ ಗಂಡೋ ಹೆಣ್ಣೋ ಎಂದಾಗಲಿ, ಖಾತ್ರಿಯಾ ಎಂದಾಗಲಿ ಕೇಳಲಿಲ್ಲ. ಖಾತ್ರಿಯಾ ಎಂದು ಕೇಳಿದ್ದರೆ ಎವರ್ಟ್ ಬಾಯಿ ತುಂಬ ಇಲ್ಲ ಎನ್ನುತ್ತಿದ್ದ, ಅದೊಂದು ಮಾತಿಗಾಗಿ ಹಾತೊರೆದು ಕೂತಿದ್ದ. ಮಿರ್ಸಾದ್ ಎದ್ದು, ಗೂಟದ ಮೇಲಿದ್ದ ತನ್ನ ಕೋಟನ್ನು ತೆಗೆದುಕೊಂಡು, ಹಾಕಿಕೊಳ್ಳದೆ, ಮಡಿಸಿದ ಕೈಯ ಮೇಲೆ ಹಾಕಿಕೊಂಡು ಹೊರಗೆ ಹೋದ. ಕಿಟಕಿಯಿಂದ ಅವನು ಅಂಗಳ ದಾಟುವುದು ಕಾಣುತ್ತಿತ್ತು. ಒಂದೊಂದು ದಿನದ ಕಿಟ್ಟಕ್ಕೆ ಒಂದೊಂದು ಗುಡ್ಡೆ, ನಿನ್ನೆಯದು ಬೇಲಿಯ ಕಡೆ. ಅದರಲ್ಲಿ ಮೊಳೆಗಳಿದ್ದವು, ಚಮಚಗಳಿದ್ದವು, ಕರಗಿ ಮುದ್ದೆಯಾದ ಗಾಜಿತ್ತು. ಅವನು ಅದರ ಮುಂದೆ ನಿಂತ. ಎಲ್ಲಿ ಎಂದು ಹುಡುಕಲು ಅಲ್ಲಿ ಏನೂ ಉಳಿದಿರಲಿಲ್ಲ, ಇಡೀ ಗುಡ್ಡೆ ಒಂದೇ ಬೂದು. ಸುತ್ತಲೂ ಒಮ್ಮೆ ನೋಡಿ, ಬಗ್ಗಿ, ಕೋಟನ್ನು ಕೊಡವಿ ಅದರ ಮೇಲೆ ಹರಡಿದ. ತೋಳುಗಳನ್ನು ಎಳೆದು ಸರಿಮಾಡಿದ. ಆಮೇಲೆ ಬರಿಯ ಅಂಗಿಯಲ್ಲಿ ಕೈ ಕಟ್ಟಿಕೊಂಡು ನಿಂತ.

"ಹುಚ್ಚಾ ಇವನಿಗೆ" ಎಂದ ಯಿಂಗ್ವೆ, ಬಾಯಿಯಲ್ಲಿ ಕೇಕಿಟ್ಟುಕೊಂಡು. "ಈ ಚಳೀಲಿ ಕೋಟು ಬಿಚ್ತಾರಾ ಯಾರಾದ್ರೂ?" ಯಾರೂ ನಗಲಿಲ್ಲ. ಅವನು ಅಗಿಯುವುದನ್ನು ನಿಲ್ಲಿಸಿ ಸೂಲ್ವೈಯ ಮುಖ ನೋಡಿದ, ಆಮೇಲೆ ಎವರ್ಟನದು, ಆಮೇಲೆ ತಟ್ಟೆಯನ್ನು.

ಗೋಡೆಯ ಗಂಟೆ ಹೊಡೆದುಕೊಂಡಿತು. ಆಲಿಕೆಯಲ್ಲಿ ಕಸ ಇಳಿದಿತ್ತು, ಕ್ರೇನು ಎಲ್ಲೋ ಸಿಕ್ಕಿಕೊಂಡು ನಿಂತಿತ್ತು. ಯಾರಾದರೂ ಹೋಗಬೇಕಿತ್ತು. ಸೂಲ್ವೈ ಕಿಟಕಿಗೆ ಬೆನ್ನು ಮಾಡಿ ಚಾಕು ತೊಳೆಯತೊಡಗಿದಳು. ಅಂಗಳಕ್ಕೆ ಹೋಗಿ ಮಿರ್ಸಾದನ ಪಕ್ಕದಲ್ಲಿ ನಿಲ್ಲಬೇಕು ಎಂದು ಎವರ್ಟನಿಗೆ ಅನಿಸಿತು. ಬಾಗಿಲವರೆಗೆ ಹೋದ. ಬಲಕ್ಕೆ ಅಂಗಳ, ಎಡಕ್ಕೆ ಕ್ರೇನಿನ ಮೆಟ್ಟಿಲು. ಅವನು ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು, ಪಂಜ ಇಳಿಸಿ, ತುಂಬಿಸಿ, ಮೇಲೆತ್ತಿದ. ಪಂಜದ ಬೆರಳುಗಳ ಸಂದಿಯಿಂದ ಚಿಂದಿಗಳು ಜೋತಾಡುತ್ತಿದ್ದವು, ಕೆಂಪು, ಕಪ್ಪು, ನೀಲಿ. ಆಲಿಕೆಯ ನೇರಕ್ಕೆ ಬಂದಾಗ ಅವನು ಕಣ್ಣು ಮುಚ್ಚಿ ಹೆಬ್ಬೆರಳು ಒತ್ತಿದ.